ಲಾಗೋಸ್: ನೀರಿನ ಯಾವ ದಡದಲ್ಲಿ ಬಿಡಾರ?

ಲಾಗೋಸಿನಲ್ಲಿ ಕೆಲಸಕ್ಕಿರುವ ಮಗನನ್ನೋ ಮಗಳನ್ನೋ ನೋಡಲು ಹೊರಟ ಅಪ್ಪ ಅಮ್ಮ, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗಂಡನಿರುವ ಊರಿಗೆ ಹೊರಟ ಹೆಂಡತಿ, ಅಲ್ಲಿನ ಸ್ನೇಹಿತರ ಮನೆಯ ಮದುವೆಗೆ ಕರೆ ಬಂದವರು, ಇವರೆಲ್ಲ ಮೊದಲು ಮಾಡುವುದು ಒಂದೇ ಕೆಲಸ. ಮೊಬೈಲಿನಲ್ಲಿ ಹೋಟೆಲುಗಳ ಪಟ್ಟಿ ತೆರೆಯುತ್ತಾರೆ, ಸ್ಟಾರ್ ಎಣಿಸುತ್ತಾರೆ, ಈಜುಕೊಳದ ಫೋಟೋ ನೋಡುತ್ತಾರೆ, ಬಾಡಿಗೆ ಹೋಲಿಸಿ ಒಂದನ್ನು ಗೊತ್ತು ಮಾಡುತ್ತಾರೆ. ಬೇರೆ ಊರುಗಳಲ್ಲಿ ಇಷ್ಟು ಸಾಕಾದೀತು. ಲಾಗೋಸಿನಲ್ಲಿ ಹೋಟೆಲಿನ ಮಾತು ಆಮೇಲೆ. ಸೇತುವೆಯ ಯಾವ ಬದಿಗೆ ಇಳಿದುಕೊಳ್ಳುತ್ತೀರಿ ಎನ್ನುವುದು ಮೊದಲು ತೀರ್ಮಾನವಾಗಬೇಕು.

ನೈಜೀರಿಯಾದ ಈ ಅತಿ ದೊಡ್ಡ ನಗರವನ್ನು ನೀರು ಎರಡು ಹೋಳು ಮಾಡಿದೆ. ಒಂದು ಕಡೆಯನ್ನು ಜನ ಮೇನ್‌ಲ್ಯಾಂಡ್ ಎನ್ನುತ್ತಾರೆ. ಇಕೆಜಾ, ಯಾಬಾ, ಸುರುಲೆರೆ, ಇಲುಪೆಜು ಎಲ್ಲ ಆ ಕಡೆಗೆ. ಇನ್ನೊಂದು ಐಲ್ಯಾಂಡ್. ಹಳೇ ಪೇಟೆಯಿರುವ ಲಾಗೋಸ್ ಐಲ್ಯಾಂಡ್, ಇಕೊಯಿ, ವಿಕ್ಟೋರಿಯಾ ಐಲ್ಯಾಂಡ್ ಈ ಕಡೆಯವು. ಪೂರ್ವಕ್ಕೆ ಕಡಲಗುಂಟ ಚಾಚಿಕೊಂಡಿರುವ ಲೆಕ್ಕಿ ದ್ವೀಪವೇನಲ್ಲ, ಆದರೂ ಊರವರ ಬಾಯಲ್ಲಿ ಅದೂ ಐಲ್ಯಾಂಡೇ. ಎರಡೂ ಕಡೆಗಳನ್ನು ಜೋಡಿಸುವ ರಸ್ತೆ ಸೇತುವೆಗಳು ಮೂರೇ ಮೂರು: ಕಾರ್ಟರ್ ಬ್ರಿಡ್ಜ್, ಎಕೊ ಬ್ರಿಡ್ಜ್ ಮತ್ತು 1990ರಲ್ಲಿ ಪೂರ್ತಿಯಾದ, ಸುಮಾರು 11.8 ಕಿ.ಮೀ. ಉದ್ದದ ಥರ್ಡ್ ಮೇನ್‌ಲ್ಯಾಂಡ್ ಬ್ರಿಡ್ಜ್. ವಿಮಾನ ನಿಲ್ದಾಣ ಇರುವುದು ಇಕೆಜಾದಲ್ಲಿ. ಕಡಲು, ಮ್ಯೂಸಿಯಂ, ದೊಡ್ಡ ಹೋಟೆಲುಗಳಲ್ಲಿ ಹೆಚ್ಚಿನವು ಐಲ್ಯಾಂಡಿನಲ್ಲಿ. ನಿಲ್ದಾಣದಿಂದ ವಿಕ್ಟೋರಿಯಾ ಐಲ್ಯಾಂಡಿಗೆ ಇಪ್ಪತ್ತು ಚಿಲ್ಲರೆ ಕಿ.ಮೀ. ಭಾನುವಾರ ಬೆಳಿಗ್ಗೆಯಾದರೆ ಮುಕ್ಕಾಲು ಗಂಟೆಯ ದಾರಿ. ಶುಕ್ರವಾರ ಸಂಜೆಯಾದರೆ ಎರಡು ಗಂಟೆಯೂ ಆದೀತು, ಮೂರೂ ಆದೀತು. ಮಳೆ ಬಂದರೆ ಲೆಕ್ಕವೇ ಬೇಡ. ಅಲ್ಲಿಯವರು ಇದನ್ನು ‘ಗೋ-ಸ್ಲೋ’ ಎನ್ನುತ್ತಾರೆ. ಸಿಲ್ಕ್ ಬೋರ್ಡ್ ಕಂಡ ನಮಗೆ ಇದೇನು ಹೊಸದಲ್ಲ ಎನ್ನಿಸಬಹುದು. ಆದರೆ ಬೆಂಗಳೂರಿನಲ್ಲಿ ಗಲ್ಲಿ ಹಿಡಿದು ಬಳಸಿಕೊಂಡು ಹೋಗಲು ಬರುತ್ತದೆ, ನೀರಿನ ಮೇಲೆ ಗಲ್ಲಿಗಳಿರುವುದಿಲ್ಲ.

ಈ ದಟ್ಟಣೆ ನಿನ್ನೆ ಮೊನ್ನೆಯದಲ್ಲ. ನೀವು ಇಳಿಯುವ ವಿಮಾನ ನಿಲ್ದಾಣಕ್ಕೆ ಜನರಲ್ ಮುರ್ತಲಾ ಮೊಹಮ್ಮದ್ ಅವರ ಹೆಸರಿದೆ. ದೇಶದ ಆಡಳಿತ ಅವರ ಕೈಯಲ್ಲಿದ್ದಾಗ, 1976ರ ಫೆಬ್ರುವರಿ 13ರಂದು, ಅವರ ಕಾರು ಲಾಗೋಸಿನ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ದಂಗೆಕೋರ ಸೈನಿಕರು ಗುಂಡಿಟ್ಟು ಕೊಂದರು. ಗುಂಡಿನ ತೂತುಗಳಿರುವ ಆ ಕಪ್ಪು ಮರ್ಸಿಡಿಸ್ ಕಾರು ಈಗಲೂ ಒನಿಕನ್‌ನ ನ್ಯಾಷನಲ್ ಮ್ಯೂಸಿಯಮ್ಮಿನಲ್ಲಿದೆ. ಲಾಗೋಸ್ ಕಿಕ್ಕಿರಿದು ಹೋಗಿದೆ, ರಾಜಧಾನಿಯನ್ನು ಅಬುಜಾಕ್ಕೆ ಒಯ್ಯೋಣ ಎಂದು ತೀರ್ಮಾನಿಸಿದ್ದು ಅದೇ ತಿಂಗಳು, ಅವರ ಸರ್ಕಾರವೇ. ರಾಜಧಾನಿ 1991ರ ಡಿಸೆಂಬರಿನಲ್ಲಿ ಹೋಯಿತು. ದಟ್ಟಣೆ ಮಾತ್ರ ಅಲ್ಲೇ ಉಳಿಯಿತು.

ಹಾಗಾಗಿ ಬುಕಿಂಗಿಗೆ ಕೈಹಾಕುವ ಮೊದಲು ಒಂದು ಹಾಳೆ ತೆಗೆದುಕೊಂಡು ಯಾವ ದಿನ ಎಲ್ಲಿ ಕೆಲಸ ಎಂದು ಬರೆದುಕೊಳ್ಳುವುದು ಒಳ್ಳೆಯದು. ಮದುವೆ ಇಕೆಜಾದ ಹಾಲಿನಲ್ಲಿ, ನೆಂಟರ ಮನೆ ಇಲುಪೆಜುವಿನಲ್ಲಿ ಎಂದಿದ್ದರೆ ವಿಕ್ಟೋರಿಯಾ ಐಲ್ಯಾಂಡಿನ ಐಷಾರಾಮಿ ಹೋಟೆಲು ಎಷ್ಟು ಚೆನ್ನಾಗಿದ್ದರೂ ನಿಮಗೆ ಬೇಡ. ಇಲುಪೆಜುವಿನಲ್ಲಿ ಭಾರತೀಯ ಕುಟುಂಬಗಳು ದಶಕಗಳಿಂದ ಇವೆ, ಮಕ್ಕಳಿಗೆ ಇಂಡಿಯನ್ ಲ್ಯಾಂಗ್ವೇಜ್ ಸ್ಕೂಲೂ ಇದೆ. ನಮ್ಮವರು ನಮ್ಮವರನ್ನು ನೋಡಲು ಹೋಗುವಾಗ ದಿನದ ಬಹುಪಾಲು ಕಳೆಯುವುದು ಈ ಕಡೆಗೇ. ಅಂಥವರಿಗೆ ಇಕೆಜಾ ಜಿ.ಆರ್.ಎ. ತಕ್ಕ ಜಾಗ. ಬ್ರಿಟಿಷರು ತಮ್ಮ ಅಧಿಕಾರಿಗಳ ವಾಸಕ್ಕೆಂದು ಕಾಯ್ದಿರಿಸಿಕೊಂಡಿದ್ದ ಬಡಾವಣೆ ಅದು. ಮರಗಳಿವೆ, ಸಂಜೆ ಒಂದು ಸುತ್ತು ನಡೆದು ಬರಲು ಕಾಲುಹಾದಿಯಾದರೂ ಇದೆ, ಅಂತರರಾಷ್ಟ್ರೀಯ ಹೆಸರಿನ ಹೋಟೆಲುಗಳೂ ಇವೆ. ವಿಮಾನ ನಿಲ್ದಾಣ ಹತ್ತಿರ. ಅಬುಜಾಕ್ಕೋ ಕಲಬಾರಿಗೋ ದೇಶದೊಳಗಿನ ವಿಮಾನ ಹಿಡಿಯುವವರಿಗೂ ಇದೇ ಅನುಕೂಲ. ಸಂಗೀತದ ಹುಚ್ಚಿರುವವರಿಗೆ ಗಾಯಕ ಫೇಲಾ ಕುಟಿಯವರ ಮನೆ ಈಗ ಕಲಕುಟಾ ಮ್ಯೂಸಿಯಂ ಆಗಿ ಇಕೆಜಾದಲ್ಲೇ ಇದೆ. ಅವರ ಮಕ್ಕಳು ನಡೆಸುವ ನ್ಯೂ ಆಫ್ರಿಕಾ ಶ್ರೈನ್ ಎಂಬ ಸಂಗೀತ ಕ್ಲಬ್ಬೂ ಅಲ್ಲೇ. ಇದು ಮಾತ್ರ ಸಣ್ಣ ಮಕ್ಕಳನ್ನು ಕರೆದೊಯ್ಯುವ ಜಾಗವಲ್ಲ.

ಊರು ನೋಡಲಿಕ್ಕೆಂದೇ ಹೋಗುವ ಕುಟುಂಬಕ್ಕೆ ಐಲ್ಯಾಂಡೇ ಸರಿ. ಅದರಲ್ಲೂ ನಾನು ಇಕೊಯಿಗೆ ಮೊದಲ ಮತ ಹಾಕುತ್ತೇನೆ. ಬಾಡಿಗೆ ಜಾಸ್ತಿ, ನಿಜ. ಆದರೆ ನಕ್ಷೆಯಲ್ಲಿ ಅದರ ಜಾಗ ನೋಡಿ. ಪಶ್ಚಿಮಕ್ಕೆ ಒನಿಕನ್, ಅಲ್ಲಿ ಮ್ಯೂಸಿಯಂ, ಜಾನ್ ರಾಂಡಲ್ ಯೊರುಬಾ ಸಂಸ್ಕೃತಿ ಕೇಂದ್ರ. ಇನ್ನೂ ಸ್ವಲ್ಪ ಮುಂದೆ, ಬ್ರಿಟಿಷರ ಕಾಲದ ಜೈಲನ್ನೇ ಉದ್ಯಾನ ಮಾಡಿದ ಫ್ರೀಡಂ ಪಾರ್ಕ್. ದಕ್ಷಿಣಕ್ಕೆ ವಿಕ್ಟೋರಿಯಾ ಐಲ್ಯಾಂಡ್. ಪೂರ್ವಕ್ಕೆ 2013ರಲ್ಲಿ ತೆರೆದ ತೂಗು ಕೇಬಲ್ಲಿನ ಲಿಂಕ್ ಬ್ರಿಡ್ಜ್ ದಾಟಿದರೆ ಲೆಕ್ಕಿ. ಥರ್ಡ್ ಮೇನ್‌ಲ್ಯಾಂಡ್ ಬ್ರಿಡ್ಜ್ ಹಿಡಿಯುವುದೂ ಸುಲಭ. ವಿಕ್ಟೋರಿಯಾ ಐಲ್ಯಾಂಡಿನಲ್ಲಿ ಎಕೊ ಹೋಟೆಲಿನಂಥ ದೊಡ್ಡವು, ಸ್ವಾತಂತ್ರ್ಯದ ಕಾಲದಿಂದ ಇರುವ ಫೆಡರಲ್ ಪ್ಯಾಲೇಸಿನಂಥ ಹಳೆಯವು ಇವೆ. ಊಟಕ್ಕೆ, ಓಡಾಟಕ್ಕೆ ಕೊರತೆಯಿಲ್ಲ. ಗದ್ದಲವೂ ಅಷ್ಟೇ ಇದೆ. ರಾತ್ರಿ ಕ್ಲಬ್ಬುಗಳ ಸದ್ದಿಗೆ ಹತ್ತಿರವಿದೆಯೇ ಎಂದು ಹಿರಿಯರಿರುವ ಮನೆಯವರು ವಿಚಾರಿಸಿಕೊಳ್ಳಬೇಕು.

ಬಾಡಿಗೆ ಫ್ಲಾಟುಗಳು ಸಾಲುಸಾಲಾಗಿ ಸಿಗುವುದು ಲೆಕ್ಕಿಯಲ್ಲಿ. ಫೋಟೋಗಳಲ್ಲಿ ಎಲ್ಲವೂ ಹೊಸದು, ಎಲ್ಲವೂ ಬಿಳಿ. ಮಕ್ಕಳಿಗೆ ಇಷ್ಟವಾಗುವ ಎರಡು ಜಾಗ ಈ ಕಡೆ ಇವೆ. ಒಂದು, ನಿಕೆ ಡೇವಿಸ್ ಒಕುಂಡಾಯೆ ಅವರ ಬಹುಮಹಡಿ ಕಲಾ ಗ್ಯಾಲರಿ. ಇನ್ನೊಂದು ಲೆಕ್ಕಿ ಕನ್ಸರ್ವೇಶನ್ ಸೆಂಟರ್: ನಗರದ ನಡುವೆ ಉಳಿಸಿಕೊಂಡ 78 ಹೆಕ್ಟೇರ್ ಜೌಗು ಕಾಡು, ಅದರೊಳಗೆ ಕೋತಿಗಳು, ಮರಗಳ ತಲೆಯ ಮೇಲೆ ಹಾದುಹೋಗುವ 401 ಮೀಟರ್ ಉದ್ದದ ತೂಗುಹಾದಿ. ಆದರೆ ಲೆಕ್ಕಿ ಎಂಬ ಹೆಸರನ್ನು ನಂಬಿ ಕೆಡಬಾರದು. ಲೆಕ್ಕಿ ಫೇಸ್ 1 ಇಕೊಯಿಗೆ ಸೇತುವೆಯಾಚೆಯ ನೆರೆಮನೆ. ಅಲ್ಲಿಂದ ಲೆಕ್ಕಿ-ಎಪೆ ರಸ್ತೆಯಲ್ಲಿ ಹತ್ತಾರು ಕಿ.ಮೀ. ದೂರದ ಅಜಾವರೆಗೂ, ಅದರಾಚೆಗೂ ಮನೆ ಕೊಡುವವರೆಲ್ಲ ತಮ್ಮದನ್ನೂ ಲೆಕ್ಕಿ ಎಂದೇ ಬರೆಯುತ್ತಾರೆ. ಬಾಡಿಗೆ ಅಲ್ಲಿ ಅರ್ಧಕ್ಕರ್ಧ ಕಡಿಮೆ ಕಂಡರೆ ಕಾರಣ ಅದೇ. ಉಳಿದ ಹಣ ಟ್ಯಾಕ್ಸಿಗೆ ಹೋಗುತ್ತದೆ, ಉಳಿಯದ ಹೊತ್ತು ರಸ್ತೆಯಲ್ಲಿ ಹೋಗುತ್ತದೆ. ಜೂನ್, ಜುಲೈ ಮಳೆಯಲ್ಲಿ ಲೆಕ್ಕಿಯ ಹಲವು ಬೀದಿಗಳು ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತವೆ. ಆ ಕಾಲಕ್ಕೆ ಹೋಗುವವರು ‘ಮಳೆ ಬಂದಾಗ ನಿಮ್ಮ ಬೀದಿಗೆ ಸಣ್ಣ ಕಾರು ಬರುತ್ತದೆಯೇ?’ ಎಂದು ನೇರವಾಗಿ ಕೇಳಬೇಕು.

ಕಡಲ ಪಕ್ಕದ ಮನೆ ಎಂಬ ಜಾಹೀರಾತಿಗೂ ಇದೇ ಎಚ್ಚರ ಬೇಕು. ಲಾಗೋಸಿನಿಂದ ಕಲಬಾರಿಗೆ ಕರಾವಳಿ ಹೆದ್ದಾರಿ ಹಾಕಲು 2024ರಲ್ಲಿ ವಿಕ್ಟೋರಿಯಾ ಐಲ್ಯಾಂಡಿನ ಕಡೆಯಿಂದ ಕೆಲಸ ಶುರುವಾಯಿತು. ಕುಟುಂಬಗಳು ಹೋಗುತ್ತಿದ್ದ ಲ್ಯಾಂಡ್‌ಮಾರ್ಕ್ ಬೀಚಿನ ಅಂಗಡಿ, ಆಟದ ಜಾಗಗಳನ್ನು ಅದಕ್ಕಾಗಿ ಕೆಡವಿದರು. ಅದಕ್ಕೂ ಹಿಂದಿನ ವಿಮರ್ಶೆ, ಫೋಟೋಗಳು ಇನ್ನೂ ಓಡಾಡುತ್ತಲೇ ಇವೆ. ಹೊಸ ಫೋಟೋ ಕಳಿಸಿ ಎನ್ನಿ.

ಎರಡೂ ಕಡೆ ಕೆಲಸವಿದ್ದರೆ? ಒಂದೇ ಕಡೆ ಇದ್ದು ದಿನಾ ಸೇತುವೆ ದಾಟುತ್ತೇವೆ ಎನ್ನುವುದಕ್ಕಿಂತ ಬಿಡಾರವನ್ನೇ ಎರಡು ಮಾಡಿಕೊಳ್ಳುವುದು ಜಾಣತನ. ಮೊದಲ ದಿನಗಳು ಐಲ್ಯಾಂಡಿನಲ್ಲಿ, ಕೊನೆಯ ಒಂದೆರಡು ರಾತ್ರಿ ಇಕೆಜಾದಲ್ಲಿ. ವಿಮಾನ ತಪ್ಪುವ ಆತಂಕ ಅಲ್ಲಿಗೆ ತೀರಿತು. ಪೆಟ್ಟಿಗೆ ಮತ್ತೊಮ್ಮೆ ಕಟ್ಟುವ ಕಷ್ಟ ಅರ್ಧ ಗಂಟೆಯದು, ಸೇತುವೆಯ ಮೇಲಿನ ಕಷ್ಟ ಎಷ್ಟು ಹೊತ್ತಿನದೆಂದು ಯಾರೂ ಹೇಳಲಾರರು. ಇನ್ನೊಂದು ಸಂಗತಿ. ಬೆಳಿಗ್ಗೆ ಜನಸಾಗರ ಮೇನ್‌ಲ್ಯಾಂಡಿನಿಂದ ಐಲ್ಯಾಂಡಿನ ಆಫೀಸುಗಳಿಗೆ ಹರಿಯುತ್ತದೆ, ಸಂಜೆ ಹಿಂದಕ್ಕೆ. ಐಲ್ಯಾಂಡಿನಲ್ಲಿದ್ದುಕೊಂಡು ಬೆಳಿಗ್ಗೆ ಮೇನ್‌ಲ್ಯಾಂಡಿಗೆ ಹೋದರೆ ಹರಿವಿಗೆ ಎದುರಾಗಿ ಹೋಗುತ್ತೀರಿ, ದಾರಿ ಬಿಡುವಾಗಿರುತ್ತದೆ. ವಾಪಸಾಗುವುದೂ ಹಾಗೆಯೇ. ಇಕೆಜಾದಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಐಲ್ಯಾಂಡಿಗೆ ಹೋಗುತ್ತೇವೆ ಎಂಬ ಯೋಜನೆ ಮಾತ್ರ ಬೇಡವೇ ಬೇಡ. ರೈಲು ಬಂದಿದೆಯಲ್ಲ ಎಂದು ಕೇಳಬಹುದು. 2023ರಲ್ಲಿ ಶುರುವಾದ ಬ್ಲೂ ಲೈನ್ ನೀರು ದಾಟಿ ಲಾಗೋಸ್ ಐಲ್ಯಾಂಡಿನ ಮರೀನಾಕ್ಕೆ ಬರುತ್ತದೆ, ಆದರೆ ಅದು ಇಕೆಜಾ ಕಡೆಯದಲ್ಲ. 2024ರಲ್ಲಿ ಓಡತೊಡಗಿದ ರೆಡ್ ಲೈನ್ ಇಕೆಜಾ ಹಾದು ಬಂದರೂ ನೀರು ದಾಟದೆ ಮೇನ್‌ಲ್ಯಾಂಡಿನ ಒಯಿಂಗ್ಬೊದಲ್ಲೇ ನಿಂತುಬಿಡುತ್ತದೆ. ಪೆಟ್ಟಿಗೆ, ಮಕ್ಕಳು, ಮುದುಕರ ಸಮೇತ ಹೋಗುವವರಿಗೆ ಸದ್ಯಕ್ಕೆ ಕಾರೇ ಗತಿ. ಉಬರ್, ಬೋಲ್ಟ್ ಎರಡೂ ಇವೆ. ಹಳದಿ ಬಣ್ಣದ ಡ್ಯಾನ್‌ಫೊ ವ್ಯಾನುಗಳನ್ನು ದೂರದಿಂದ ನೋಡಿ ಖುಷಿಪಟ್ಟರೆ ಸಾಕು. ಬಡಾವಣೆಯೊಳಗಿನ ಸಣ್ಣ ಓಡಾಟಕ್ಕೆ ಕೆಕೆ ಸಿಗುತ್ತದೆ. ಹತ್ತಿದರೆ ಊರಿನ ನೆನಪಾಗುತ್ತದೆ, ಯಾಕೆಂದರೆ ಅವು ಹೆಚ್ಚಾಗಿ ನಮ್ಮ ಬಜಾಜ್, ಟಿವಿಎಸ್ ಕಂಪನಿಗಳ ಆಟೋಗಳೇ.

ದಡ ಯಾವುದೆಂದು ತೀರ್ಮಾನವಾಯಿತು ಎನ್ನೋಣ. ಮುಂದಿನ ಪ್ರಶ್ನೆ ಕರೆಂಟಿನದು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಲಾಗೋಸಿನಲ್ಲಿ ಕರೆಂಟು ಬಂದಾಗ ಮಕ್ಕಳು ‘ಅಪ್ ನೇಪಾ!’ ಎಂದು ಕೂಗುತ್ತಾರೆ. ನೇಪಾ ಎಂಬ ವಿದ್ಯುತ್ ಮಂಡಳಿ ಹೋಗಿ ಎರಡು ದಶಕವಾಯಿತು, ಕೂಗು ಹೋಗಿಲ್ಲ. ಈಗ ಖಾಸಗಿ ಕಂಪನಿಗಳು ಕರೆಂಟು ಹಂಚುತ್ತವೆ. ಬಡಾವಣೆಗಳನ್ನು ಎ, ಬಿ, ಸಿ ಮುಂತಾದ ಬ್ಯಾಂಡ್‌ಗಳಾಗಿ ವಿಂಗಡಿಸಿದ್ದಾರೆ. ಬ್ಯಾಂಡ್ ಎ ಎಂದರೆ ದಿನಕ್ಕೆ ಕನಿಷ್ಠ 20 ಗಂಟೆ ಕರೆಂಟು ಕೊಡಬೇಕಾದ ಲೈನು. 2024ರ ಏಪ್ರಿಲಿನಲ್ಲಿ ಈ ಬ್ಯಾಂಡಿನ ದರವನ್ನು ಯೂನಿಟ್ಟಿಗೆ 68 ನೈರಾದಿಂದ ಒಮ್ಮೆಗೇ 225ಕ್ಕೆ ಏರಿಸಿದರು. ಉಳಿದ ಹೊತ್ತು ಎಲ್ಲರ ಮನೆಯಲ್ಲೂ ಜನರೇಟರು, ಇಲ್ಲವೇ ಸೋಲಾರ್ ಮತ್ತು ಇನ್ವರ್ಟರು. ಜಾಹೀರಾತಿನಲ್ಲಿ ಎಲ್ಲರೂ ‘24 ಗಂಟೆ ಕರೆಂಟು’ ಎಂದೇ ಬರೆಯುತ್ತಾರೆ. ಅದನ್ನು ಬಿಡಿಸಿ ಕೇಳಬೇಕು. ಮನೆ ಯಾವ ಬ್ಯಾಂಡಿನಲ್ಲಿದೆ? ಜನರೇಟರನ್ನು ರಾತ್ರಿ ಎಷ್ಟು ಗಂಟೆಗೆ ಆರಿಸುತ್ತೀರಿ? ಡೀಸೆಲ್ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ? ಇನ್ವರ್ಟರಿನ ಮೇಲೆ ಎ.ಸಿ. ಓಡುತ್ತದೆಯೋ, ಬರೀ ಫ್ಯಾನು ದೀಪವೋ? ಮೀಟರು ಪ್ರಿಪೇಯ್ಡ್ ಆಗಿದ್ದರೆ (ಇಪ್ಪತ್ತು ಅಂಕಿಯ ಟೋಕನ್ ಒತ್ತಿ ಯೂನಿಟ್ ತುಂಬಿಸುವ ಮೀಟರು ಅದು) ನಡುರಾತ್ರಿ ಯೂನಿಟ್ ಮುಗಿದರೆ ತುಂಬಿಸುವವರು ಯಾರು?

ಇದು ಬರೀ ಸೆಖೆಯ ಮಾತಲ್ಲ. ರಾತ್ರಿ ಒಂದು ಗಂಟೆಗೆ ಜನರೇಟರು ನಿಂತಿತೆನ್ನಿ. ಎ.ಸಿ. ನಿಲ್ಲುತ್ತದೆ. ಸೆಖೆಗೆ ಮಕ್ಕಳು ಏಳುತ್ತಾರೆ, ಯಾರೋ ಕಿಟಕಿ ತೆಗೆಯುತ್ತಾರೆ. ಕಿಟಕಿಗೆ ಸೊಳ್ಳೆಪರದೆ ಇಲ್ಲದಿದ್ದರೆ ಮುಂದಿನದು ಹೇಳಬೇಕಿಲ್ಲ. ಜಗತ್ತಿನ ಮಲೇರಿಯಾ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗ ನೈಜೀರಿಯಾ ಒಂದರಲ್ಲೇ ಆಗುತ್ತವೆ, ಅದರಲ್ಲಿ ಬಹುಪಾಲು ಪ್ರಾಣಕ್ಕೆ ಎರವಾಗಬಲ್ಲ ಫಾಲ್ಸಿಪ್ಯಾರಮ್ ಜಾತಿಯದು. ಹೊರಡುವ ಮೊದಲು ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ಬರೆಸಿಕೊಳ್ಳುವುದು ಹೇಗೂ ಆಗಬೇಕು. ಆದರೆ ಬಿಡಾರ ಆಯುವಾಗಲೇ ಕಿಟಕಿಯ ಪರದೆ, ಡೀಸೆಲ್ಲಿನ ಲೆಕ್ಕ ಎರಡನ್ನೂ ಕೇಳಿಕೊಂಡವರಿಗೆ ಅರ್ಧ ಭಯ ಕಡಿಮೆ. ಮಂಡಿನೋವಿನ ಹಿರಿಯರಿದ್ದರೆ ಕೆಳ ಅಂತಸ್ತಿನಲ್ಲೇ ಕೋಣೆ ಕೇಳಿ. ಗ್ರಿಡ್ಡಿನಿಂದ ಜನರೇಟರಿಗೆ ಬದಲಾಗುವ ಹೊತ್ತಿಗೆ ಲಿಫ್ಟು ನಡುವೆ ನಿಂತುಬಿಡುವುದುಂಟು. ಕೆಲವೇ ಕ್ಷಣ, ಆದರೂ ಕತ್ತಲಲ್ಲಿ ಅದು ದೊಡ್ಡದಾಗಿಯೇ ಕಾಣುತ್ತದೆ.

ನೀರು ಎರಡನೆಯದು. ಹೆಚ್ಚಿನ ಕಡೆ ಬೋರ್‌ವೆಲ್ಲೇ ಆಧಾರ. ಲೆಕ್ಕಿ ಕಡೆ ಕಬ್ಬಿಣದ ಅಂಶ ಹೆಚ್ಚಾಗಿ ನೀರು ಕೆಂಪಗೆ ಬರುವ ಮನೆಗಳಿವೆ, ಶುದ್ಧೀಕರಣದ ಘಟಕ ಹಾಕಿಸಿಕೊಂಡ ಮನೆಗಳೂ ಇವೆ. ನಿಮ್ಮದು ಯಾವುದೆಂದು ತಿಳಿದುಕೊಳ್ಳಿ. ಕುಡಿಯಲು ಮಾತ್ರ ಎಲ್ಲೇ ಇದ್ದರೂ ಕ್ಯಾನಿನ ನೀರೋ ಬಾಟಲಿ ನೀರೋ ಇರಲಿ.

ಹೋಟೆಲೋ ಫ್ಲಾಟೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಅಡಿಗೆಮನೆಯಲ್ಲಿ ತೀರ್ಮಾನವಾಗುತ್ತದೆ. ಸಸ್ಯಾಹಾರಿಗಳಿಗೆ ಲಾಗೋಸ್ ಉಪವಾಸದ ಊರೇನಲ್ಲ. ಅಲಸಂದೆ ಬೇಳೆ ರುಬ್ಬಿ ಕರಿಯುವ ಅಕಾರಾ ನಮ್ಮ ವಡೆಯ ಬಂಧುವೇ. ಬಾಳೆಕಾಯಿ ಜಾತಿಯ ಪ್ಲಾಂಟೇನ್ ಹಣ್ಣನ್ನು ಹೋಳು ಮಾಡಿ ಕರಿದ ಡೋಡೊ ಮಕ್ಕಳಿಗೆ ಹಿಡಿಸುತ್ತದೆ. ಆದರೆ ಸೊಪ್ಪಿನ ಸಾರಿಗೂ ಒಣಸಿಗಡಿ ಪುಡಿ ಬೀಳುತ್ತದೆ. ಅದೇ ಅಲಸಂದೆಯ ಹಿಟ್ಟನ್ನು ಹಬೆಯಲ್ಲಿ ಬೇಯಿಸುವ ಮೊಯ್‌ಮೊಯ್‌ನೊಳಗೆ ಮೊಟ್ಟೆಯೋ ಮೀನೋ ಇರುವುದುಂಟು. ಜೊಲೊಫ್ ಅನ್ನ ಮಾಂಸದ ಸಾರಿನಲ್ಲಿ ಬೆಂದಿರಬಹುದು. ನಾಲ್ಕಾರು ದಿನಕ್ಕಾದರೆ ಹೋಟೆಲು ಸಾಕು. ಎರಡು ವಾರ, ಜೊತೆಗೆ ಅಜ್ಜಿ, ಎರಡು ಮಕ್ಕಳು ಎಂದಾದರೆ ಅಡಿಗೆಮನೆಯಿರುವ ಫ್ಲಾಟೇ ವಾಸಿ. ಅಕ್ಕಿ, ಬೇಳೆ, ಸಾಂಬಾರ ಪದಾರ್ಥಗಳ ಭಾರತೀಯ ಅಂಗಡಿಗಳು ಎರಡೂ ದಡದಲ್ಲಿವೆ.

ದಿನದ ಲೆಕ್ಕಕ್ಕೆ ಬಾಡಿಗೆ ಕೊಡುವ ಈ ಫ್ಲಾಟುಗಳನ್ನು ಅಲ್ಲಿ ‘ಶಾರ್ಟ್‌ಲೆಟ್’ ಎನ್ನುತ್ತಾರೆ. ಬಾಡಿಗೆಯ ಜೊತೆ ‘ಕಾಷನ್ ಫೀ’ ಎಂದು ಒಂದು ಠೇವಣಿ ಕೇಳುತ್ತಾರೆ. ಹೊರಡುವಾಗ ಹಿಂದಿರುಗಿಸಬೇಕಾದ ಹಣ ಅದು, ಹೋಗುವ ದಿನವೇ ಕೊಡುತ್ತೀರಾ ಎಂದು ಬರೆಸಿಕೊಳ್ಳಿ. ಇನ್‌ಸ್ಟಾಗ್ರಾಮಿನಲ್ಲಿ ಮನೆ ತೋರಿಸಿ, ಮುಂಗಡ ಹಾಕಿಸಿಕೊಂಡು ಮಾಯವಾಗುವವರಿಗೆ ಅಲ್ಲೂ ಬರವಿಲ್ಲ. ಊರಿನಲ್ಲಿರುವ ನೆಂಟರೊಬ್ಬರು ಹೋಗಿ ನೋಡಿ ಬರದೆ ಹಣ ಹಾಕಬೇಡಿ. ಅವರು ಹೋಗುವುದಾದರೆ ಸಂಜೆ ಹೋಗಲಿ, ಕರೆಂಟಿನ ನಿಜ ಬಣ್ಣ ಗೊತ್ತಾಗುವುದು ಆಗಲೇ. ಕಾವಲು, ಗೇಟು ಇರುವ ‘ಎಸ್ಟೇಟ್’ ಒಳಗಿನ ಮನೆಯಾದರೆ ಸುರಕ್ಷೆಗೆ ಒಳ್ಳೆಯದು. ಆದರೆ ಹೊರಗಿನವರಿಗೆ ಪ್ರವೇಶದ ಕೋಡ್ ಬೇಕು, ಕೆಲವು ಬೀದಿಗಳ ಗೇಟನ್ನು ರಾತ್ರಿ ಮುಚ್ಚುತ್ತಾರೆ. ನಿಮ್ಮ ವಿಮಾನ ತಡರಾತ್ರಿ ಇಳಿಯುವುದಾದರೆ ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ನನ್ನನ್ನು ಕೇಳಿದರೆ, ಅಂಥ ದಿನ ಇಕೆಜಾದ ಹೋಟೆಲಿನಲ್ಲೇ ಮಲಗಿ ಬೆಳಗಾದ ಮೇಲೆ ಸೇತುವೆ ದಾಟಿ.

ಹಣದ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. 2023ರ ಜೂನಿನಲ್ಲಿ ನೈರಾದ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಅದರ ಬೆಲೆ ಭಾರಿ ಕುಸಿಯಿತು. ಹಳೆಯ ಬಾಡಿಗೆ ಅಂಕಿಗಳನ್ನು ನಂಬಿ ಲೆಕ್ಕ ಹಾಕಬೇಡಿ. ಹೋಟೆಲ್ ಬಿಲ್ಲಿಗೆ ಶೇ 7.5 ವ್ಯಾಟ್, ಅದರ ಮೇಲೆ ಲಾಗೋಸ್ ರಾಜ್ಯದ ಶೇ 5 ತೆರಿಗೆ ಬೀಳುತ್ತದೆ. ಹೇಳಿದ ದರದಲ್ಲಿ ಇವು ಸೇರಿವೆಯೇ ಎಂದು ಕೇಳಿ. ಡಿಸೆಂಬರ್ ನಡುವಿನಿಂದ ಹೊಸವರ್ಷದವರೆಗೆ ಹೊರದೇಶಗಳಲ್ಲಿರುವ ನೈಜೀರಿಯನ್ನರೆಲ್ಲ ಊರಿಗೆ ಬಂದು ಸೇರುತ್ತಾರೆ. ಸಂಗೀತ, ಮದುವೆ, ಪಾರ್ಟಿಗಳ ಆ ಹಬ್ಬವನ್ನು ‘ಡೆಟ್ಟಿ ಡಿಸೆಂಬರ್’ ಎನ್ನುತ್ತಾರೆ. ಕಾಲೇಜು ಹುಡುಗರಿಗೆ ಅದು ಸ್ವರ್ಗ. ಐಲ್ಯಾಂಡಿನ ಬಾಡಿಗೆ ಗಗನಕ್ಕೇರುತ್ತದೆ, ರಸ್ತೆಗಳು ನಡುರಾತ್ರಿಯೂ ಬಿಡುವಾಗುವುದಿಲ್ಲ. ಸಣ್ಣ ಮಕ್ಕಳು, ವಯಸ್ಸಾದವರು ಇರುವ ಕುಟುಂಬ ಜನವರಿ ಕೊನೆಗೋ ಫೆಬ್ರುವರಿಗೋ ಹೋಗುವುದು ಮೇಲು. ಮಳೆಯಿಲ್ಲ, ಸಹಾರಾದ ಧೂಳು ಹೊತ್ತು ಬರುವ ಹರ್ಮಟ್ಟಾನ್ ಗಾಳಿಯೊಂದನ್ನು ತಡೆದುಕೊಂಡರೆ ಆಯಿತು. ಉಬ್ಬಸವಿರುವವರು ಅದನ್ನೂ ಯೋಚಿಸಬೇಕು.

ವೀಸಾ ಅರ್ಜಿಗೆ ಹೋಟೆಲ್ ಬುಕಿಂಗಿನ ಚೀಟಿ ಅಥವಾ ಅಲ್ಲಿ ಕರೆಸಿಕೊಳ್ಳುವವರ ಪತ್ರ ಬೇಕಾಗುವುದರಿಂದ ಬಿಡಾರದ ತೀರ್ಮಾನವನ್ನು ಕೊನೆಗಳಿಗೆಗೆ ಬಿಡುವಂತಿಲ್ಲ. ಆಗಲೇ ಹಳದಿ ಜ್ವರದ ಲಸಿಕೆಯನ್ನೂ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರ ಚಾಲ್ತಿಗೆ ಬರುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ಬಳಿಕ. ನೈಜೀರಿಯಾದಿಂದ ಆ ಪತ್ರವಿಲ್ಲದೆ ಭಾರತಕ್ಕೆ ಮರಳಿದವರನ್ನು 6 ದಿನಗಳವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಆ ಬಿಡಾರವನ್ನು ಆಯುವ ಅವಕಾಶ ನಿಮಗಿರುವುದಿಲ್ಲ.